ಎಂಜಿನ್ನಿಗೆ ಮಡಿ ಸ್ನಾನ

ಆ ಪತ್ರದಲ್ಲಿ ನನ್ನ ಹೆಸರನ್ನು ಕೂಡ ಬರೆದಿರಲಿಲ್ಲ. "ಪಂಪ್‌ಸೆಟ್ ರಿಪೇರಿಯವರು" ಎಂದು ಬರೆದಿದ್ದ. ನನಗೆ ಉರಿ ಹತ್ತಿದ್ದು ಅದಕ್ಕೇ.

ಶನಿವಾರ ಮಧ್ಯಾಹ್ನ ಡ್ಯಾಮಿನ ಟಿಕೆಟ್ ಕೌಂಟರಿನಲ್ಲಿ ಕೂರುವ ತಾಜುನ್ನಿಸಾ ಅದರ ಫೋಟೊ ತೆಗೆದು ನನಗೆ ವಾಟ್ಸಾಪ್ ಮಾಡಿದ್ದಳು. ಬೋಟಿಂಗ್ ಸಮಿತಿಯ ಅಧ್ಯಕ್ಷೆಗೆ ಬರೆದ ಪತ್ರ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. "ಮೋಟಾರು ಒಂದೇ ತಿಂಗಳಲ್ಲಿ ಮೂರು ಸಲ ನಡುನೀರಿನಲ್ಲಿ ಬಿಸಿಯೇರಿ ನಿಂತುಹೋಗಿದೆ. ನಾಲ್ಕು ತಿಂಗಳ ಹಿಂದೆ ಇದರ ಇಂಪೆಲ್ಲರ್ ಬದಲಿಸಿದ ಪಂಪ್‌ಸೆಟ್ ರಿಪೇರಿಯವರಿಗೆ ಬೋಟಿನ ಎಂಜಿನ್ ಬಗ್ಗೆ ತಿಳಿವಳಿಕೆ ಇಲ್ಲ. ಜನರ ಜೀವದ ಪ್ರಶ್ನೆಯಾದ್ದರಿಂದ ಕೆಲಸವನ್ನು ಬಲ್ಲವರಿಗೆ ಕೊಡಬೇಕು." ಕೆಳಗೆ ಸಹಿ: ಪ್ರಹ್ಲಾದ, ಬೋಟ್ ಚಾಲಕ.

ಇಂಪೆಲ್ಲರ್ ಎಂದರೆ ಅಂಗೈಯಲ್ಲಿ ಹಿಡಿಸುವ ರಬ್ಬರ್ ಚಕ್ರ. ಬೋಟಿನ ಮೋಟಾರಿನ ಕೆಳಭಾಗದಲ್ಲಿ ತಿರುಗುತ್ತಾ ನೀರನ್ನು ಮೇಲಕ್ಕೆಳೆದು ಎಂಜಿನ್ನನ್ನು ತಂಪಾಗಿಡುತ್ತದೆ. ಹೊಲದ ಪಂಪಿನಲ್ಲಿರುವುದೂ ಅದರ ಅಣ್ಣತಮ್ಮನೇ. ನನಗೆ ತಿಳಿವಳಿಕೆ ಇಲ್ಲವಂತೆ! ನಾನು ಅದನ್ನು ಬದಲಿಸಿದಾಗ ಈ ಮಹಾರಾಯ ರಜೆ ಹಾಕಿ ಊರಿಗೆ ಹೋಗಿದ್ದ. ಮೋಟಾರು ಟಂಟಂ ಆಟೊದಲ್ಲಿ ನಮ್ಮ ಅಂಗಡಿಗೆ ಬಂದು, ಟಂಟಂನಲ್ಲೇ ಹಿಂತಿರುಗಿತ್ತು. ನನ್ನ ಮುಖವನ್ನೇ ನೋಡದವನು ನನ್ನ ತಲೆಯೊಳಗೆ ಏನಿದೆ ಎಂದು ಬರೆದಿದ್ದ.

ಅಪ್ಪ ಗುರುಲಿಂಗಯ್ಯ ಚಂದಾಪುರದಲ್ಲಿ ಮೂವತ್ತು ವರ್ಷ ಪಂಪು ರಿಪೇರಿ ಮಾಡಿದವರು. ಹೋದ ವರ್ಷ ಅವರ ಬಲಗೈ ನಡುಗಲು ಶುರುವಾಯಿತು, ಸ್ಪ್ಯಾನರು ನನ್ನ ಕೈಗೆ ಬಂತು. ನಾನು ಐಟಿಐ ಮುಗಿಸಿ ಏಳು ವರ್ಷದಿಂದ ಅವರ ಪಕ್ಕದಲ್ಲೇ ಗ್ರೀಸು ಮೆತ್ತಿಕೊಂಡವಳು. ಆದರೂ "ಅಯ್ನೋರು ಹುಡುಗಿ ಕೈಯಾಗ ಅಂಗಡಿ ಕೊಟ್ಟು ಕೆಟ್ರು" ಎನ್ನುವ ಬಾಯಿಗಳಿಗೆ ಬಜಾರಿನಲ್ಲಿ ಬರವಿಲ್ಲ. ಸೋಮವಾರ ಹನ್ನೊಂದಕ್ಕೆ ಸಮಿತಿಯ ಸಭೆ. ಅಲ್ಲಿ ಈ ಪತ್ರ ಒಪ್ಪಿಗೆಯಾದರೆ ಬೋಟಿನ ಕೆಲಸ ಹೋಗುವುದು ದೊಡ್ಡ ಮಾತಲ್ಲ. ನನ್ನ ಹೆಸರು ಹೋಗುತ್ತಿತ್ತು. ಹೆಸರು ಕೆಟ್ಟ ಮೆಕ್ಯಾನಿಕ್ಕಿನ ಹತ್ತಿರ ಯಾವ ರೈತನೂ ಮೋಟಾರು ಹೊತ್ತು ತರುವುದಿಲ್ಲ.

"ಜಗಳಕ್ಕ ಹೊಂಟಿ ಏನವ್ವಾ?" ಅಪ್ಪ ಕೇಳಿದರು.

"ಇಲ್ಲಪ್ಪ. ಮಾತಾಡ್ಲಿಕ್ಕ ಹೊಂಟೀನಿ."

"ಮಾತಾಡ್ಲಿಕ್ಕ ಕೈಯಾಗ ಸ್ಪ್ಯಾನರ್ ಯಾಕ ಬೇಕು?" ಅಪ್ಪ ನನ್ನನ್ನೇ ನೋಡಿದರು. "ಅಲ್ಲಾ, ಆ ಇಂಪೆಲ್ಲರ್ ಯಾ ಕಂಪನಿದು ಹಾಕಿದ್ದಿ?"

"ಛಲೋದೇ ಹಾಕೀನಪ್ಪ," ಎಂದು ಸ್ಕೂಟಿ ಚಾಲೂ ಮಾಡಿದೆ.

ಡ್ಯಾಮು ಚಿಂಚೋಳಿ ಕಾಡಿನ ಅಂಚಿನಲ್ಲಿದೆ. ತೇಲುವ ಜೆಟ್ಟಿಯ ಮೇಲೆ ಒಬ್ಬ ಕೂತು ಲೈಫ್ ಜಾಕೆಟ್ಟುಗಳ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡುತ್ತಿದ್ದ. ಎತ್ತರದ ಆಳು. ಹಣೆಯಲ್ಲಿ ತೆಳ್ಳನೆಯ ಅಂಗಾರದ ಗೆರೆ, ಮೈಮೇಲೆ ಇಸ್ತ್ರಿ ಮಾಡಿದ ಶರ್ಟು. ಬೋಟ್ ಓಡಿಸುವವನ ಹಾಗೆ ಒಂದಿಷ್ಟೂ ಕಾಣಲಿಲ್ಲ.

"ಪ್ರಹ್ಲಾದ ಅಂದ್ರ ಯಾರ್ರಿ?"

"ನಾನೇ." ತಲೆ ಎತ್ತದೆ ಒಂದು ಜಾಕೆಟ್ ನನ್ನ ಕಡೆ ಚಾಚಿದ. "ಮೊದಲ ಇದು ಹಾಕ್ಕೊಳ್ರಿ."

"ನಾ ಬೋಟಿಂಗಿಗಿ ಬಂದಿಲ್ಲ. ಜಗಳಕ್ಕ ಬಂದೀನಿ."

"ಜಗಳಕ್ಕ ಬಂದವ್ರೂ ಹಾಕ್ಕೋಬೇಕು. ಜೆಟ್ಟಿ ಕೆಳಗ ಹದಿನೆಂಟು ಫೂಟ್ ನೀರು ಅದ."

ಆಗ ತಲೆ ಎತ್ತಿದ. ಅವನ ಕಣ್ಣು ನನ್ನ ಮುಖದ ಮೇಲೆ ನಿಲ್ಲಲಿಲ್ಲ. ನೇರ ನನ್ನ ಕೈಗೆ ಹೋಯಿತು. ಉಗುರಿನ ಸಂದಿಯ ಗ್ರೀಸು ನೋಡಿದ, ಮುಷ್ಟಿಯಲ್ಲಿದ್ದ ಸ್ಪ್ಯಾನರು ನೋಡಿದ. ಆಮೇಲೆ ನಿಧಾನವಾಗಿ ಮುಖಕ್ಕೆ ಬಂದ. ದೊಡ್ಡ ಕಣ್ಣು, ಉದ್ದ ರೆಪ್ಪೆ. ಅಂಥ ಕಣ್ಣು ಅಂಥ ಮನುಷ್ಯನಿಗೆ ಯಾಕೆ ಕೊಟ್ಟನೋ ದೇವರು ಎಂದು ಮತ್ತಷ್ಟು ಸಿಟ್ಟು ಬಂತು.

"ಓಹ್. ನೀವು..."

"ಹೌದು. ಪಂಪ್‌ಸೆಟ್ ರಿಪೇರಿಯವರು."

ಅವನ ಕಿವಿ ಕೆಂಪಾಯಿತು. ಆದರೆ ಬಾಯಿ ಮೆತ್ತಗಾಗಲಿಲ್ಲ. "ಲೆಟರಿನ್ಯಾಗ ಬರದಿದ್ದು ಖರೇನೇ ಅದರಿ."

"ಕುಣಿಲಾರದಾಕಿ ನೆಲ ಡೊಂಕು ಅಂದಳಂತ! ಎಂಜಿನ್ ಸಂಭಾಳಸ್ಲಿಕ್ಕ ಬರಂಗಿಲ್ಲ, ನನ್ನ ಮ್ಯಾಲ ಲೆಟರ್ ಬರೀತೀರಿ."

"ಮೂರು ಸಲ ಮಂದಿನ್ನ ಕುಂದ್ರಿಸ್ಕೊಂಡು ನಡುನೀರಾಗ ನಿಂತೀನಿ. ಮೂರನೇ ಸಲ ಒಬ್ಬಾಕಿ ಮಡಿಲಾಗ ಎಂಟು ತಿಂಗಳ ಕೂಸಿತ್ತು. ನನಗ ನಿಮ್ಮ ಸಿಟ್ಟಿಗಿಂತ ಆ ಕೂಸು ದೊಡ್ಡದರಿ."

ಸೋಲುವಾಗ ನನ್ನ ದನಿ ಏರುತ್ತದೆ. "ಹಂಗಾದ್ರ ಈಗೇ ನಡೀರಿ ನೀರಿಗಿ. ನನ್ನ ಕಣ್ಣ ಮುಂದ ತೋರಸ್ರಿ."

"ಈಗ ಆಗಂಗಿಲ್ಲ. ಮೂರು ಹೊಡದದ. ಇನ್ನ ಗಾಳಿ ಏಳ್ತದ."

"ಹೆದರಿಕಿ ಏನು?"

"ಹೌದ್ರಿ, ನೀರಿಗಿ ಹೆದರ್ತೀನಿ. ಹೆದರಿಕಿ ಇಲ್ಲದವ್ರಿಗಿ ನಾ ಬೋಟ್ ಹತ್ತಸಂಗಿಲ್ಲ. ನಾಳಿ ಮುಂಜಾನಿ ಏಳಕ್ಕ ಬರ್ರಿ."

ಜಾಕೆಟ್ಟನ್ನು ಅವನ ಕಾಲ ಬಳಿ ಎಸೆದು ಹೊರಟೆ. ಕೌಂಟರಿನಿಂದ ತಾಜುನ್ನಿಸಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. "ಯಾ ಅಲ್ಲಾ, ಶಿವಗಂಗಕ್ಕ! ಈ ಮನಷ್ಯಾನ ಎದುರಿಗಿ ಇಷ್ಟು ಹೊತ್ತು ಯಾರೂ ನಿಂತಿದ್ದಿಲ್ಲ. ಇಬ್ಬರೂ ಬರೋಬ್ಬರ್ ಅದೀರಿ."

ಭಾನುವಾರ ಏಳಕ್ಕೆ ಐದು ನಿಮಿಷ ಮೊದಲೇ ಹೋದೆ. ಅವನು ನನಗಿಂತ ಮೊದಲೇ ಬಂದು ಬೋಟಿನಲ್ಲಿ ಸಾಮಾನು ಜೋಡಿಸುತ್ತಿದ್ದ. ಎರಡು ಹುಟ್ಟು, ಲಂಗರು, ಉದ್ದ ಹಗ್ಗ, ಸೀಟಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನು. ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದ, ನನಗೆ ಜಾಕೆಟ್ ಹಾಕಿಸಿದ. ಆಮೇಲೆ ತಾಜುನ್ನಿಸಾಗೆ ಚೀಟಿ ಕೊಟ್ಟ. "ಇಬ್ಬರು ಹೋಗ್ಲಿಕತ್ತೀವಿ. ನಡುನೀರಿನ ದಿಬ್ಬದ ತನಕ. ಒಂಬತ್ತಕ್ಕ ಬರಲಿಲ್ಲಂದ್ರ ಫೋನ್ ಮಾಡು. ಎತ್ತಲಿಲ್ಲಂದ್ರ ಮೀನುಗಾರರ ತೆಪ್ಪ ಕಳಸು."

"ಲಂಡನ್‌ಗಿ ಹೊಂಟೀವೇನ್ರಿ?" ಎಂದೆ.

"ಲಂಡನ್‌ಗಿ ಹೋದವ್ರು ವಾಪಸ್ ಬರ್ತಾರ. ನೀರಿಗಿ ಹೋದವ್ರದು ಗ್ಯಾರಂಟಿ ಇಲ್ಲ."

ಎಂಜಿನ್ನಿನ ಸ್ವಿಚ್ಚಿಗೆ ಒಂದು ಕೆಂಪು ಸುರುಳಿ ದಾರ ಸಿಕ್ಕಿಸಿತ್ತು. ಅದರ ಇನ್ನೊಂದು ತುದಿಯನ್ನು ಅವನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡ. ಓಡಿಸುವವನು ಆಯತಪ್ಪಿ ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ, ಖಾಲಿ ಬೋಟು ತಿರುಗಿ ಬಂದು ಅವನ ಮೇಲೇ ಹಾಯುವುದಿಲ್ಲ ಎಂದು ನನಗೆ ವಿವರಿಸಿದ. ಜೆಟ್ಟಿಯಿಂದ ತಾಜುನ್ನಿಸಾ ಕೂಗಿದಳು. "ನೌಶಾ ಕಂಕಣ ಕಟ್ಕೊಂಡ್ರು ನೋಡ್ರಿ!"

ನೌಶಾ ಎಂದರೆ ಮದುಮಗ. ನಾನು ಆ ಕಡೆ ಮುಖ ತಿರುಗಿಸಿದೆ. ಅವನು ಈ ಕಡೆ ತಿರುಗಿಸಿದ.

ಮೋಟಾರು ಚಾಲೂ ಆಗುತ್ತಿದ್ದಂತೆ ಅದರ ಹಿಂದಿನ ಸಣ್ಣ ತೂತಿನಿಂದ ಒಂದು ನೀರಿನ ಎಳೆ ಚಿಮ್ಮಬೇಕು. ಎಂಜಿನ್ನಿನೊಳಗೆ ನೀರು ಓಡಾಡುತ್ತಿದೆ ಎನ್ನುವುದಕ್ಕೆ ಅದೊಂದೇ ಸಾಕ್ಷಿ. ನಾನು ಹಿಂದೆ ಕೂತು ಅದನ್ನೇ ನೋಡುತ್ತಿದ್ದೆ. ಎಳೆ ಬಂತು, ಆದರೆ ದಾರದಷ್ಟು ಸಣ್ಣಗೆ. ಅರ್ಧ ದಾರಿಯಲ್ಲಿ ಬೆರಳು ಹಿಡಿದೆ. ಕೈ ಸುಟ್ಟಿತು.

"ನಿಲ್ಲಸ್ರಿ" ಎನ್ನುವಷ್ಟರಲ್ಲಿ ಎಳೆ ನಿಂತೇ ಹೋಯಿತು. ಕೀ ಎಂದು ಬಜರ್ ಕೂಗಿತು. ಅವನು ಕೆಂಪು ದಾರ ಜಗ್ಗಿ ಎಂಜಿನ್ ಆರಿಸಿಬಿಟ್ಟ.

ಎಷ್ಟು ದೊಡ್ಡ ನೀರು ಎಂದು ನನಗೆ ತಿಳಿದದ್ದು ಸದ್ದು ನಿಂತ ಮೇಲೆ. ನಾಲ್ಕೂ ಕಡೆ ದಂಡೆ ದೂರವಿತ್ತು. ಅಂದು ಗಾಳಿ ಬೆಳಿಗ್ಗೆಯೇ ಎದ್ದಿತ್ತು. ಬೋಟು ತನ್ನಷ್ಟಕ್ಕೆ ಜರುಗುತ್ತಾ, ಮುಳುಗಿದ ಮರಗಳ ಒಣ ತುದಿಗಳು ಕಾಣುವ ಕಡೆಗೆ ಹೊರಟಿತು. ಅವನು ಲಂಗರು ಬಿಟ್ಟ. ಹಗ್ಗ ಬಿಗಿಯಾಗಿ ಬೋಟು ಮೂತಿ ತಿರುಗಿಸಿ ನಿಂತಿತು. ಮೋಟಾರನ್ನು ಎತ್ತಿ ನೀರು ಒಳಹೋಗುವ ಜಾಲರಿ ತೋರಿಸಿದ. ಜೊಂಡು, ಪ್ಲಾಸ್ಟಿಕ್ಕು, ಏನೂ ಸಿಕ್ಕಿರಲಿಲ್ಲ.

"ಇದು ನಾಲ್ಕನೇ ಸಲ," ಎಂದ. "ಈಗ ಹೇಳ್ರಿ, ನಿಮ್ಮ ಇಂಪೆಲ್ಲರ್ ಬಗ್ಗಿ."

ನಾನು ಮುಚ್ಚಳ ತೆಗೆಯಲು ಎದ್ದು ನಿಂತೆ. ಬೋಟು ಒಂದು ಕಡೆ ವಾಲಿತು.

"ಕುಂದ್ರು!" ಎಂದು ಗದರಿದ.

"ರಿ ಎಲ್ಲಿ ಹೋತು?"

"ನೀರಾಗ ಬಿತ್ತು. ಮೊದಲ ಕುಂದ್ರು!"

ಕೂತೆ. ಆಮೇಲೆ ಮಂಡಿಯೂರಿ ಮೋಟಾರಿನ ಕಡೆ ಬಗ್ಗಿದೆ. ಅವನು ನನ್ನ ಜಾಕೆಟ್ಟಿನ ಹಿಂದಿನ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಮೈ ಮುಟ್ಟಲಿಲ್ಲ, ಪಟ್ಟಿ ಮಾತ್ರ. ಆದರೂ ಅವನ ಬೆರಳಿನ ಗೆಣ್ಣುಗಳು ನನ್ನ ಕತ್ತಿನ ಹತ್ತಿರವೇ ಇವೆ ಎಂದು ಕತ್ತಿಗೆ ಗೊತ್ತಾಗುತ್ತಿತ್ತು. ಸಿಟ್ಟಿನಲ್ಲಿರುವಾಗ ಇಂಥದ್ದೆಲ್ಲ ಗೊತ್ತಾಗಬಾರದು. ನನಗೆ ಗೊತ್ತಾಯಿತು.

ಎಂಜಿನ್ ತಣ್ಣಗಾಗುವವರೆಗೆ ಕಾದು, ಆ ಸಣ್ಣ ತೂತಿಗೆ ತಂತಿ ಹಾಕಿ ತಿರುವಿದೆ. ಜೋಳದ ಕಾಳಿನಷ್ಟು ದೊಡ್ಡ ಬಿಳಿ ಚೂರುಗಳು ಅಂಗೈಗೆ ಉದುರಿದವು. ಉಜ್ಜಿದೆ. ಹಿಟ್ಟಾಯಿತು.

"ಏನದು?"

"ಸುಣ್ಣ." ನಾನು ಅಂಗೈಯನ್ನು ಅವನ ಮೂಗಿನ ಹತ್ತಿರ ಹಿಡಿದೆ. "ಬೋರಿನ ನೀರಿನ ಸುಣ್ಣ. ನಮ್ಮ ಸೀಮ್ಯಾಗ ನೆಲದಾಗೆಲ್ಲಾ ಇದೇ ಅದ. ಅದಕ್ಕೇ ವಾಡಿ, ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ಹಾಕ್ಯಾರ. ಮನ್ಯಾಗಿನ ಕೂಲರ್ ನೋಡ್ರಿ, ಗೀಜರ್ ನೋಡ್ರಿ, ಬೆಳ್ಳಗ ಕಟ್ಟಿರ್ತದ. ಆದ್ರ ಈ ಡ್ಯಾಮಿನ ನೀರು ಮಳಿ ನೀರು. ಇದರಾಗ ಸುಣ್ಣ ಎಲ್ಲಿಂದ ಬರಬೇಕು? ಖರೇ ಹೇಳ್ರಿ, ಎಂಜಿನ್ನಿಗಿ ಏನ್ ಮಾಡ್ತೀರಿ?"

ಅವನ ಮುಖ ಬಿಳಿಚಿಕೊಂಡಿತು. "ದಿನಾ ಸಂಜಿಗಿ ಸ್ನಾನ ಮಾಡಸ್ತೀನಿ."

"ಏನಂದ್ರಿ?"

"ಡ್ರಮ್ಮಿನ್ಯಾಗ ಬೋರಿನ ಛಲೋ ನೀರು ತುಂಬಿ, ಮೋಟಾರ್ ಇಳಿಸಿ, ಇಪ್ಪತ್ತು ನಿಮಿಷ ಓಡಸ್ತೀನಿ. ಡ್ಯಾಮಿನ ನೀರು ಒಂದು ಹನಿ ಸೈತ ಒಳಗ ಉಳೀಬಾರ್ದಂತ. ಹದಿನಾಲ್ಕು ತಿಂಗಳಾತು. ಏಕಾದಶಿ ಸೈತ ಬಿಟ್ಟಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ನಗುವಲ್ಲಿ ದಯೆಯೂ ಇರಲಿಲ್ಲ. "ಎಂಜಿನ್ನಿಗೂ ಮಡಿ ಏನ್ರಿ ಆಚಾರ್ರೇ? ಮಳಿ ನೀರು ಮೈಲಿಗಿ, ಸುಣ್ಣದ ನೀರು ಮಡಿ? ದಿನಾ ಬಿಸಿ ನೀರಾಗ ಸುಣ್ಣ ಕುದಿಸಿ ಕುದಿಸಿ ಕುಡಿಸೀರಿ. ಅದರ ನರ ಎಲ್ಲಾ ಕಟ್ಟ್ಯಾವ. ಮತ್ತ ತಿಳಿವಳಿಕಿ ಇಲ್ಲದಾಕಿ ನಾನು!"

ಅವನು ಲಂಗರು ಎತ್ತಿ ಹುಟ್ಟು ಕೈಗೆ ತೆಗೆದುಕೊಂಡ. ಒಂದು ನನಗೂ ಕೊಟ್ಟ. ನಾನು ಒಂದು ತಾಳಕ್ಕೆ ಹಾಕಿದರೆ ಅವನು ಇನ್ನೊಂದಕ್ಕೆ ಹಾಕುತ್ತಿದ್ದ. ಬೋಟು ಗಾಣದ ಎತ್ತಿನ ಹಾಗೆ ಸುತ್ತು ಹೊಡೆಯಿತು.

"ನನ್ನ ಕಡಿ ನೋಡಬ್ಯಾಡ್ರಿ, ದಂಡಿ ನೋಡ್ರಿ," ಎಂದೆ.

"ನಾ ನೋಡ್ಲಿಕತ್ತಿಲ್ಲ."

"ಸುಳ್ಳು."

ಸ್ವಲ್ಪ ಹೊತ್ತಿಗೆ ತಾಳ ಕೂಡಿತು. ಆಮೇಲೆ ಅವನೇ ಮಾತು ತೆಗೆದ. ತಂದೆ ಸೇಡಂ ಕಡೆ ಒಂದು ದೇವಸ್ಥಾನದಲ್ಲಿ ಪೂಜೆ ಮಾಡುವವರು. ಇವನಿಗೆ ನೀರಿನ ಹುಚ್ಚು, ಕಡಲ ತೀರಕ್ಕೆ ಹೋಗಿ ಬೋಟು ಕಲಿತ. "ಅಲ್ಲಿ ಉಪ್ಪು ನೀರು. ದಿನಾ ಸಿಹಿನೀರಿಲೆ ತೊಳೀಬೇಕು, ಇಲ್ಲಂದ್ರ ಉಪ್ಪು ಕಟ್ತದ. ಒಂದಿನ ನನ್ನ ಪಾಳಿ. ತೊಳೀಲಿಲ್ಲ. ಹಿಂದ ಎಷ್ಟು ದಿನ ಹಂಗ ಬಿಟ್ಟಿದ್ನೋ ಏನೋ. ಮರುದಿನ ಎಂಜಿನ್ ಕಾದು ನಿಂತು ಬೋಟ್ ಬಂಡಿಗಲ್ಲಿಗಿ ಬಡೀತು. ನನ್ನ ಜೋಡಿ ಇದ್ದವನ ಕಾಲು ಹೋತು. ಆವತ್ತಿನಿಂದ ಬೋಟ್ ಓಡಿಸಿದ ಒಂದಿನಾನೂ ತಪ್ಪಿಸಿಲ್ಲ." ಹುಟ್ಟು ಹಾಕುವುದು ನಿಲ್ಲಿಸಲಿಲ್ಲ. "ಇಲ್ಲಿ ತೊಳದಿದ್ದೇ ತಪ್ಪಾತು."

ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ಹಾಗೆಂದು ಹೇಳಲಿಲ್ಲ.

ಅದೇ ಮಧ್ಯಾಹ್ನ ಟಂಟಂನಲ್ಲಿ ಮೋಟಾರನ್ನೂ ಅವನನ್ನೂ ನಮ್ಮ ಅಂಗಡಿಗೆ ತಂದೆ. ಒಂದು ತೊಟ್ಟಿಗೆ ಬಿಸಿನೀರು, ಸುಣ್ಣ ಕರಗಿಸುವ ಸಿರ್ಕಾ (ವಿನೆಗರ್) ಸುರಿದು, ಹಳೆಯ ಕೂಲರಿನ ಪುಟ್ಟ ಪಂಪಿಗೆ ಪೈಪು ಸಿಕ್ಕಿಸಿ ಎಂಜಿನ್ನಿನೊಳಗೆ ಹುಳಿ ನೀರು ತಿರುಗಿಸಿದೆ. ಬುಸುಬುಸು ಎಂದು ನೊರೆ ಬಂತು. ಮೊದಲು ಮಜ್ಜಿಗೆಯಂತೆ ಬೆಳ್ಳಗೆ, ಆಮೇಲೆ ತಿಳಿಯಾಗಿ. ಅವನು ಶರ್ಟಿನ ತೋಳು ಮಡಚಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನಾನು ಕೇಳಿದ ಸ್ಪ್ಯಾನರು ಬಿಟ್ಟು ಬೇರೆ ಎಲ್ಲವನ್ನೂ ಕೊಡುತ್ತಿದ್ದ.

"ಹತ್ತು ಕೇಳಿದ್ರ ಹನ್ನೆರಡು ಕೊಡ್ತೀರಿ. ಕಣ್ಣು ಎಲ್ಲಿ ಅವ?"

"ಎಲ್ಲಿರಬೇಕೋ ಅಲ್ಲಿ ಅವ," ಎಂದು ತಟ್ಟನೆ ತೊಟ್ಟಿ ನೋಡತೊಡಗಿದ.

ಮತ್ತಷ್ಟು ಸಿರ್ಕಾ ತರಲು ಅವನು ಕಿರಾಣಿ ಅಂಗಡಿಗೆ ಹೋದ. ಆಗ ನಾನು ಮೋಟಾರಿನ ಕೆಳಭಾಗ ಬಿಚ್ಚಿದೆ. ಇಂಪೆಲ್ಲರ್ ಹೊರಬಂತು.

ಆರು ರೆಕ್ಕೆಗಳಲ್ಲಿ ಎರಡು ಮುರಿದುಹೋಗಿದ್ದವು. ಮೂರನೆಯದು ಅರ್ಧ ಸೀಳಿತ್ತು.

ಅಪ್ಪ ಶನಿವಾರ ಕೇಳಿದ್ದು ಇದನ್ನೇ. ಅಸಲಿ ಮಾಲು ಹೈದರಾಬಾದಿನಿಂದ ಬರಲು ಹದಿನೈದು ದಿನ ಬೇಕಿತ್ತು. ಸಾಲು ರಜೆ ಬಂದಿದೆ, ಬೋಟು ನಿಲ್ಲಬಾರದು ಎಂದು ಸಮಿತಿಯವರು ಅವಸರ ಮಾಡಿದ್ದರು. "ಎರಡು ದಿನದಾಗ ಮಾಡಿ ಕೊಡ್ತೀನಿ" ಎಂದು ನಾನು ಕೊಚ್ಚಿಕೊಂಡಿದ್ದೆ. ಬಜಾರಿನಲ್ಲಿ ಸಿಕ್ಕ ನಕಲಿ ಹಾಕಿ, ಯಾರಿಗೂ ಹೇಳದೆ ಕೊಟ್ಟು ಕಳಿಸಿದ್ದೆ. ಹುಡುಗಿಯ ಕೈ ಎಷ್ಟು ಚುರುಕು ಎಂದು ಎಲ್ಲರೂ ನೋಡಲಿ ಎಂದು. ಸುಣ್ಣ ಅವನದು ನಿಜ. ಆದರೆ ಮುರಿದ ರೆಕ್ಕೆ ನನ್ನದು. ಆ ಎಂಟು ತಿಂಗಳ ಕೂಸು ನಡುನೀರಿನಲ್ಲಿ ನಿಂತದ್ದರಲ್ಲಿ ನನಗೂ ಪಾಲಿತ್ತು.

ಹೊಸಿಲಲ್ಲಿ ಅವನ ಚಪ್ಪಲಿಯ ಸದ್ದಾಯಿತು. ನಾನು ಅದನ್ನು ಜೇಬಿಗೆ ತುರುಕಿದೆ.

"ಇಂಪೆಲ್ಲರ್ ಹೆಂಗ ಅದ?" ಎಂದ.

"ಛಲೋ ಅದ."

ಅವನು ಬಾಟಲಿ ಕೆಳಗಿಟ್ಟು ಎದುರು ಕೂತ. "ಹಂಗಾದ್ರ ತಪ್ಪೆಲ್ಲಾ ನಂದೇ. ಮಾಫ್ ಮಾಡ್ರಿ. ನಾಳಿ ಸಮಿತಿ ಮುಂದ ನಾನೇ ಹೇಳ್ತೀನಿ. ಈ ತಿಂಗಳಿಗಿ ನನ್ನ ಕಾಂಟ್ರಾಕ್ಟ್ ಮುಗೀತದ. ಮತ್ತ ಕೊಡಂಗಿಲ್ಲ ಅವ್ರು. ನಡೀತದ ಬಿಡ್ರಿ."

"ನಡೀತದ? ಅಷ್ಟು ಸಸಾರ ಏನು? ಹೊಡದಾಡ್ಲಿಕ್ಕ ಬರಂಗಿಲ್ಲ ಏನು ನಿಮಗ?" ನಾನು ಯಾಕೆ ಕಿರುಚುತ್ತಿದ್ದೇನೆ ಎಂದು ಅವನಿಗೆ ತಿಳಿಯಲಿಲ್ಲ. ಪೆಚ್ಚಾಗಿ ನೋಡಿದ. ಆ ರೆಪ್ಪೆಗಳು ಎರಡು ಸಲ ಮುಚ್ಚಿ ತೆರೆದವು. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲೇ, ಜೇಬಿನಲ್ಲಿ ಸುಳ್ಳು ಇಟ್ಟುಕೊಂಡಿದ್ದಾಗ. ಇದಕ್ಕಿಂತ ಕೆಟ್ಟ ಗಳಿಗೆ ಯಾವ ಪಂಚಾಂಗದಲ್ಲಿ ಸಿಗುತ್ತದೆ ಹೇಳಿ.

ಅವನು ಹೋದ ಮೇಲೆ ಅಪ್ಪ ಮೂಲೆಯ ಕುರ್ಚಿಯಿಂದ ಒಂದೇ ಮಾತು ಹೇಳಿದರು. "ಸುಳ್ಳಿನ ವಾಷರ್ ಹಾಕಿದ್ರ ಭಾಳ ದಿನ ತಡಿಯಂಗಿಲ್ಲವ್ವಾ. ಸೋರ್ತದ."

ಸೋಮವಾರ ಸಮಿತಿಯ ಕೋಣೆಯಲ್ಲಿ ಎಂಟು ಜನ ಕೂತಿದ್ದರು. ಅಧ್ಯಕ್ಷೆ ರಾಜೇಶ್ವರಿ ಮೇಡಂ ನಿವೃತ್ತ ಹೆಡ್ ಮೇಡಂ, ಇಂದಿಗೂ ಕನ್ನಡಕದ ಮೇಲಿಂದಲೇ ನೋಡುವವರು. ಪ್ರಹ್ಲಾದ ಎದ್ದು ನಿಂತು ಹೊಸ ಪತ್ರ ಓದಿದ. ಅದೇ ಮುತ್ತಿನಂಥ ಅಕ್ಷರವಿರಬೇಕು. "ಚಂದಾಪುರದ ಎಂಜಿನ್ ಮೆಕ್ಯಾನಿಕ್ ಕುಮಾರಿ ಶಿವಗಂಗಾ ಅವರ ಕೆಲಸದಲ್ಲಿ ಯಾವ ದೋಷವೂ ಇಲ್ಲ. ದೋಷವೆಲ್ಲ ನನ್ನದು. ಅವರ ಬಗ್ಗೆ ಮೊದಲು ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ."

ಈ ಸಲ ಹೆಸರು ಬರೆದಿದ್ದ. ಅಪ್ಪನ ಹೆಸರಿನ ಅಂಗಡಿ ಉಳಿಯಿತು, ನನ್ನ ಹೆಸರು ಉಳಿಯಿತು. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು.

ಎದ್ದು ಹೋಗಿ ಮುರಿದ ಇಂಪೆಲ್ಲರನ್ನು ಮೇಡಂ ಅವರ ಟೇಬಲ್ಲಿನ ಮೇಲೆ ಇಟ್ಟೆ.

"ಇದು ನಕಲಿ ಮಾಲು ಅದರಿ. ನಾನೇ ಹಾಕಿದ್ದು. ಜಲ್ದಿ ಮಾಡಿ ಶಹಬ್ಬಾಸ್ ಅನಿಸ್ಕೋಬೇಕಂತ ಹಾಕಿದೆ. ಸುಣ್ಣ ಅವ್ರದು. ಇದು ನಂದು. ಎರಡೂ ಕೂಡಿ ಎಂಜಿನ್ ನಿಲ್ಲಿಸ್ಯಾವ."

ಪ್ರಹ್ಲಾದ ನನ್ನನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ.

"ನಿನ್ನಿ ಛಲೋ ಅದ ಅಂದ್ರಿ."

"ಸುಳ್ಳು ಹೇಳಿದ್ದೆ."

"ನಾ ಮಾಫಿ ಕೇಳ್ಲಿಕತ್ತಾಗ, ಜೇಬಿನ್ಯಾಗ ಇಟ್ಕೊಂಡು ಕುಂತಿದ್ರಿ?"

"ಹೌದು. ಹೆಸರು ಹೋಗ್ತದಂತ ಹೆದರಿದ್ದೆ. ಈಗ ತಂದಿಟ್ಟೀನಲ್ಲ! ಇನ್ನೇನು ಮಾಡ್ಲಿ, ಕಾಲಿಗಿ ಬೀಳ್ಲೇನು?"

"ಸಾಕು!" ಮೇಡಂ ಟೇಬಲ್ ಬಡಿದರು. "ತಪ್ಪು ನಂದು ನಂದು ಅಂತ ಜಗಳಾಡೋರ್ನ ನಾ ಮೂವತ್ತು ವರ್ಷದ ನೌಕರ್ಯಾಗ ನೋಡಿಲ್ಲ. ಕೇಳ್ರಿ ಇಬ್ಬರೂ. ಅಸಲಿ ಮಾಲು ಬರೋ ತನಕ ಬೋಟ್ ಬಂದ್. ಎಂಜಿನ್ ತೊಳಿಯೋದಿದ್ರ ಡ್ಯಾಮಿನ ನೀರೇ. ವಾರಕ್ಕೊಮ್ಮಿ ಇಬ್ಬರೂ ಕೂಡಿ ಚೆಕ್ ಮಾಡಿ ಸಹಿ ಹಾಕಬೇಕು. ಮೂರು ತಿಂಗಳು ನೋಡ್ತೀವಿ. ಮತ್ತ ನಡುನೀರಾಗ ನಿಂತ್ರ ಇಬ್ಬರೂ ಮನೀಗಿ."

ಬಜಾರಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಇಬ್ಬರು ಗಿರಾಕಿಗಳು ಅಂದೇ ತಮ್ಮ ಮೋಟಾರು ವಾಪಸು ಒಯ್ದರು. ಒಬ್ಬ ಮುದುಕ ಮಾತ್ರ ಭಂಕೂರದಿಂದ ಪಂಪು ಹೇರಿಕೊಂಡು ಬಂದ. "ನಕಲಿ ಹಾಕಿದ್ರ ಹಾಕೀನಂತ ಹೇಳೋಳು ನೀನೇ ಏನವ್ವಾ? ಹಂಗಾದ್ರ ಬಿಚ್ಚು" ಎಂದ. ಅಪ್ಪ ಆ ದಿನ ನನ್ನ ತಲೆಯ ಮೇಲೆ ಆ ನಡುಗುವ ಕೈ ಇಟ್ಟರು.

ಪ್ರಹ್ಲಾದ ಮಾತ್ರ ಹದಿನೇಳು ದಿನ ಮಾತಾಡಲಿಲ್ಲ. ಫೋನಿಲ್ಲ, ಮೆಸೇಜಿಲ್ಲ. "ಮಾಲು ಬಂತಾ?" ಎಂದು ತಾಜುನ್ನಿಸಾಳಿಂದ ಕೇಳಿಸುತ್ತಿದ್ದ. "ಬಂದಿಲ್ಲ ಅಂತ ಹೇಳು ಆ ಆಚಾರ್ಯಾಗ" ಎಂದು ನಾನೂ ಅವಳಿಂದಲೇ ಹೇಳಿಸುತ್ತಿದ್ದೆ. ಅವಳಿಗೆ ನಮ್ಮಿಬ್ಬರ ಕಾಟ ಸಾಕಾಗಿ ಹೋಗಿತ್ತು.

ಹದಿನೆಂಟನೆಯ ದಿನ ಅಸಲಿ ಇಂಪೆಲ್ಲರ್ ಹಾಕಿ ಮೋಟಾರನ್ನು ಡ್ಯಾಮಿಗೆ ಒಯ್ದೆ. ಜೆಟ್ಟಿಯ ಮೇಲೆ ಅವನು ನಿಂತಿದ್ದ. ಅದೇ ಅಂಗಾರ, ಅದೇ ಇಸ್ತ್ರಿ. ಈ ಸಲ ಜಾಕೆಟ್ಟನ್ನು ನಾನೇ ಕೇಳಿ ಹಾಕಿಕೊಂಡೆ. ಅವನ ತುಟಿಯ ಮೂಲೆ ಒಂದು ಚೂರು ಅಲುಗಿತು, ಮತ್ತೆ ಬಿಗಿಯಾಯಿತು.

"ಇನ್ನೂ ಸಿಟ್ಟದ ಏನು?" ಎಂದೆ.

"ಭಾಳ ಅದ."

"ನನಗೂ ಅದ. ಲೆಟರಿಂದು ಇನ್ನೂ ಇಳಿದಿಲ್ಲ."

"ಇಳೀಬಾರ್ದು," ಎಂದ. ಮಣಿಕಟ್ಟಿನ ಕೆಂಪು ದಾರ ಬಿಚ್ಚಿ ನನ್ನ ಕಡೆ ಚಾಚಿದ. "ಇವತ್ತು ನೀವೇ ಓಡಸ್ರಿ. ನಿಮ್ಮ ಕೆಲಸ, ನೀವೇ ನೋಡ್ರಿ. ಕೈ ಕೊಡ್ರಿ."

ಕೊಟ್ಟೆ. ನನ್ನ ಮಣಿಕಟ್ಟಿಗೆ ದಾರ ಸುತ್ತಿ ಕೊಂಡಿ ಹಾಕಿದ. ಹಾಕಿದ ಮೇಲೂ ಕೈ ಬಿಡಲಿಲ್ಲ. ಕೌಂಟರಿನ ಕಡೆಯಿಂದ ತಾಜುನ್ನಿಸಾ ಏನೋ ಕೂಗಿದಳು, ನನಗೆ ಕೇಳಿಸಲಿಲ್ಲ.

ಹೊರಟೆವು. ಮೋಟಾರಿನ ಹಿಂದೆ ನೀರಿನ ಎಳೆ ಬೆರಳಿನಷ್ಟು ದಪ್ಪಗೆ, ಎಡೆಬಿಡದೆ ಚಿಮ್ಮುತ್ತಿತ್ತು. ಹಿಡಿದು ನೋಡಿದೆ. ಉಗುರುಬೆಚ್ಚಗಿತ್ತು. ಮುಳುಗಿದ ಮರಗಳನ್ನು ದಾಟಿದೆವು, ದಿಬ್ಬ ದಾಟಿದೆವು. ಎಳೆ ನಿಲ್ಲಲಿಲ್ಲ.

"ಈ ದಾರ ಕಟ್ಕೊಂಡವ್ರು ನೀರಿಗಿ ಬಿದ್ರ ಎಂಜಿನ್ ನಿಲ್ತದ," ಎಂದ.

"ಗೊತ್ತದ. ಮೊದಲೇ ಹೇಳೀರಿ."

"ನೀವು ಬಿದ್ರ ನಂದೂ ನಿಲ್ತದ. ಅದನ್ನ ಹೇಳಿದ್ದಿಲ್ಲ."

ನಾನು ವೇಗ ಇಳಿಸಿದೆ. ಎದೆಯದು ಮಾತ್ರ ಇಳಿಯಲಿಲ್ಲ. ಅವನು ನೀರು ನೋಡುತ್ತಿದ್ದ, ಕಿವಿ ಮೊದಲ ದಿನಕ್ಕಿಂತ ಕೆಂಪಾಗಿತ್ತು. ಪಾಪ, ಹೆದರಿದ್ದ. ಹೆದರಿಕೆ ಇಲ್ಲದವರನ್ನು ಬೋಟಿಗೆ ಹತ್ತಿಸಬಾರದು ಎಂದವನು ಅವನೇ.

"ಕಮಿಟಿಗಿ ಲೆಟರ್ ಬರೀಲಿಕ್ಕ ಭಾಳ ಬರ್ತದಲ್ಲ ನಿಮಗ," ಎಂದೆ. "ನಮ್ಮಪ್ಪಗ ಒಂದು ಬರೀರಿ."

ಅವನು ಗರಕ್ಕನೆ ತಿರುಗಿದ. ಆ ದೊಡ್ಡ ಕಣ್ಣು ಇನ್ನಷ್ಟು ದೊಡ್ಡದಾಯಿತು. "ಏನಂತ ಬರೀಲಿ?"

"ಏನಾರ ಬರೀರಿ, ನನ್ನ ಹೆಸರು ಹಾಕಿ ಬರೀರಿ. ಪಂಪ್‌ಸೆಟ್ ರಿಪೇರಿಯವರು ಅಂತ ಬರದ್ರ ಇಲ್ಲೇ ನೀರಿಗಿ ನೂಕ್ತೀನಿ."

"ನೂಕು," ಎಂದು ನಕ್ಕ. "ಜಾಕೆಟ್ ಹಾಕ್ಕೊಂಡೀನಿ."